ನಾನು ಇಳಿಸಿದ ಹದಿನಾಲ್ಕು ಕೆಜಿ

ನನ್ನ ಗಂಡನ ಮೈಯಿಂದ ಹದಿನಾಲ್ಕು ಕೆಜಿ ಇಳಿಸಿದವಳು ನಾನೇ ಎಂದು ಒಂದಿಡೀ ಬೇಸಿಗೆ ಊರ ತುಂಬ ಹೇಳಿಕೊಂಡು ತಿರುಗಿದ್ದೇನೆ. ಊರು ಎಂದರೆ ದುಬೈನ ಮಿರ್ದಿಫ್ ಬಡಾವಣೆಯ ನಮ್ಮ ಆರು ಮಹಡಿಯ ಕಟ್ಟಡ, ಮಗಳ ಶಾಲೆ ಬಸ್ಸು ನಿಲ್ಲುವ ಜಾಗ, ಮತ್ತೆ ದುಬೈ ಹಾಗೂ ಅಬುಧಾಬಿಯ ಕನ್ನಡದ ಹೆಂಗಸರು ಸೇರಿಕೊಂಡಿರುವ ಒಂದು ವಾಟ್ಸಾಪ್ ಗುಂಪು. ಹದಿನೆಂಟು ವರ್ಷ ಇಲ್ಲಿದ್ದು ನಾನು ಸಂಪಾದಿಸಿದ ಊರು ಇಷ್ಟೇ. ಅಷ್ಟು ಸಣ್ಣ ಊರಿನಲ್ಲಿ ನಾನು ಮಾಡಿದ ಸದ್ದು ಮಾತ್ರ ಸಣ್ಣದಲ್ಲ.

ಅವರ ಮೈ ಬೆಳೆದದ್ದಕ್ಕೆ ನಾನು ಅವರನ್ನು ಪೂರ್ತಿ ದೂರುವುದಿಲ್ಲ. ಜೆಬೆಲ್ ಅಲಿಯ ಗೋದಾಮುಗಳಲ್ಲಿ ಶೀತಲ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವರು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ದಿನವೆಲ್ಲ ಕಾರು, ಗೋದಾಮು, ಮತ್ತೆ ಕಾರು. ಕ್ಯಾಫೆಟೇರಿಯಾದ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿದರೆ ಸಾಕು, ಗಟ್ಟಿ ಹಾಲಿನ ಸಕ್ಕರೆ ಚಹಾ ಕಿಟಕಿಯ ತನಕ ಬರುತ್ತದೆ, ಜೊತೆಗೆ ಪೊರೋಟದಲ್ಲಿ ಸುತ್ತಿದ ಮೊಟ್ಟೆ. ಇಳಿಯುವ ಕಷ್ಟವೂ ಇಲ್ಲ. ಹಾರ್ನ್ ಒತ್ತುವುದೊಂದೇ ಅವರ ವ್ಯಾಯಾಮ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ನಲವತ್ತೆಂಟರ ಹೊತ್ತಿಗೆ ಅವರು ಬೂಟಿನ ಲೇಸು ಕಟ್ಟಲು ಕುರ್ಚಿ ಹುಡುಕುವಂತಾಗಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಕಂಪನಿಯ ತಪಾಸಣೆಯಲ್ಲಿ ಸ್ಕ್ಯಾನ್ ಮಾಡಿ ಯಕೃತ್ತಿನ ಮೇಲೆ ಕೊಬ್ಬು ಕೂತಿದೆ ಎಂದರು. ಊಟ ಕಡಿಮೆ ಮಾಡಿ, ನಡೆಯಿರಿ, ಈಜು ಬರುತ್ತಿದ್ದರೆ ಈಜಿ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ವೈದ್ಯರು ಹೇಳಿದರು. ಅವತ್ತು ಇವರು ತಿಂಡಿ ತಿಂದೇ ಹೋಗಿದ್ದರಿಂದ, ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಎಂದು ಒಂದು ಚೀಟಿಯನ್ನೂ ಬರೆದುಕೊಟ್ಟರು.

ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳೂ ನಾನೇ, ಆ ಪರೀಕ್ಷೆಯನ್ನು ತಡೆದವಳೂ ನಾನೇ.

"ಮೊದಲ ತೂಕ ಇಳಸೋಣು. ಆಮ್ಯಾಲೆ ರಕ್ತ ಕೊಡೋಣು. ರಿಪೋರ್ಟ್ ಛಲೋ ಬರ್ತದ," ಅಂದೆ.

ಮದುವೆಗೆ ಮುಂಚೆ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಐದು ವರ್ಷ ಗಣಿತ ಕಲಿಸಿದವಳು ನಾನು. ಓದದೆ ಪರೀಕ್ಷೆಗೆ ಕೂರುವುದು ನನ್ನ ಪ್ರಕಾರ ಮೂರ್ಖತನ. ರಕ್ತ ಪರೀಕ್ಷೆಯೂ ಒಂದು ಪರೀಕ್ಷೆಯೇ ತಾನೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಅವರೂ ಒಂದು ಬೆಳಗಿನ ರಜೆ ಉಳಿಯಿತು ಎಂದು ಸುಮ್ಮನಾದರು.

ಮೇ ಮೊದಲ ವಾರದಿಂದ ಕೈ ತೊಳೆದುಕೊಂಡು ಅವರ ಹಿಂದೆ ಬಿದ್ದೆ. ಊರಿಂದ ಬಂದವರ ಸೂಟ್‌ಕೇಸಿನಲ್ಲಿ ತರಿಸಿದ ಜೋಳದ ಹಿಟ್ಟಿತ್ತು. ಮಧ್ಯಾಹ್ನಕ್ಕೆ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೆ ಒಂದು ಚಮಚ ಗುರೆಳ್ಳು ಚಟ್ನಿ. ಅನ್ನ ಬಂದ್. ಕಿಟಕಿಯ ಚಹಾ ಬಂದ್. ಬೆಳಿಗ್ಗೆ ಎದ್ದ ಕೂಡಲೇ ಬಿಸಿ ನೀರಿಗೆ ನಿಂಬೆ ಹಿಂಡಿ ಎರಡು ದೊಡ್ಡ ಚಮಚ ಜೇನುತುಪ್ಪ. ಅದೂ ಅಂತಿಂಥ ಜೇನಲ್ಲ, ಇಲ್ಲಿನವರು ಹಬ್ಬಕ್ಕೆ ಒಬ್ಬರಿಗೊಬ್ಬರು ಕೊಡುವ ಯೆಮೆನ್‌ನ ಕಪ್ಪು ಜೇನು. ಜೇನು ಕೊಬ್ಬು ಕರಗಿಸುತ್ತದೆ ಎಂದು ಯಾರು ಹೇಳಿದ್ದರೋ, ನಾನಂತೂ ಯಾರನ್ನೂ ಕೇಳಲು ಹೋಗಲಿಲ್ಲ.

ಸಂಜೆಗೆ ಈಜು. ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ, ಕಾರು ನಿಲ್ಲಿಸುವ ಜಾಗದ ಮೇಲೆ, ಒಂದು ಕೊಳವಿದೆ. ಬೇಸಿಗೆಯಲ್ಲಿ ಅದರ ನೀರು ಹಂಡೆಯ ನೀರಿನಷ್ಟೇ ಬಿಸಿ, ಸಂಜೆಯ ಬಾಂಗ್ ಆದ ಮೇಲೆಯೇ ಇಳಿಯಲು ಸಾಧ್ಯ. ನನಗೆ ಈಜು ಬರುತ್ತಿರಲಿಲ್ಲ. ಪೂರ್ತಿ ಮೈ ಮುಚ್ಚುವ ಈಜುಡುಗೆ ತೊಟ್ಟು ಕಂಬಿ ಹಿಡಿದು ನಿಂತು ಕಾಲು ಬಡಿಯುತ್ತಿದ್ದೆ, ಅಷ್ಟೇ. ಅವರು ಮಾತ್ರ ನೀರಿಗೆ ಬಿದ್ದರೆ ಬೇರೆಯೇ ಮನುಷ್ಯ. ನೆಲದ ಮೇಲೆ ಏದುಸಿರು ಬಿಡುವ ಆ ಮೈ ನೀರಿನಲ್ಲಿ ಹಗುರಾಗುತ್ತಿತ್ತು. ಎರಡು ಸುತ್ತು ಈಜಿ ಅಂಗಾತ ಮಲಗಿಬಿಡುತ್ತಿದ್ದರು, ಕೈ ಆಡಿಸದೆ, ಕಾಲು ಆಡಿಸದೆ, ಕಣ್ಣು ಮುಚ್ಚಿ ಹತ್ತು ಹತ್ತು ನಿಮಿಷ.

"ಸಣ್ಣಾಂವ ಇದ್ದಾಗ ನಮ್ಮಪ್ಪ ಬೆನ್ನಿಗೆ ಒಣಗಿದ ಸೋರೆಬುರುಡಿ ಕಟ್ಟಿ ಬಾವಿಗೆ ದೂಡಿದ್ದ," ಎನ್ನುತ್ತಿದ್ದರು. "ಈಗ ಕಟ್ಟೂದ ಬ್ಯಾಡ. ಬುರುಡಿ ಮುಂದ ತಾನ ಬೆಳದದ."

ಆ ಮಾತಿಗೆ ನಾವಿಬ್ಬರೂ ಕೊಳದಲ್ಲಿ ನಿಂತು ನಕ್ಕಿದ್ದೇವೆ. ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದು, ಒಂದೇ ಮಾತಿಗೆ ನಕ್ಕದ್ದು, ಎಷ್ಟೋ ವರ್ಷದ ನಂತರ. ಆ ಸಂಜೆಗಳು ನನಗೆ ಇಷ್ಟವಾಗಿದ್ದವು ಎಂದು ಹೇಳಿಕೊಳ್ಳಲು ಈಗಲೂ ಸಂಕಟವಾಗುತ್ತದೆ.

ಮೊದಲ ತಿಂಗಳು ಮೂರು ಕೆಜಿ ಇಳಿಯಿತು. ಅದು ನನ್ನ ರೊಟ್ಟಿಯದೂ ಅವರ ಈಜಿನದೂ ಇರಬಹುದು, ಹಾಗೆಂದು ಆಮೇಲೆ ವೈದ್ಯರೂ ಒಪ್ಪಿದರು. ಜೂನ್‌ನಲ್ಲಿ ಒಮ್ಮೆಲೇ ಐದು ಕೆಜಿ ಇಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೂಕದ ಯಂತ್ರದ ಫೋಟೋ, ತಟ್ಟೆಯ ಫೋಟೋ, ಅವರ ಹಳೆಯ ಪ್ಯಾಂಟಿನೊಳಗೆ ನನ್ನ ಎರಡೂ ಕೈ ತೂರಿಸಿ ತೆಗೆಸಿಕೊಂಡ ಫೋಟೋ, ಎಲ್ಲವನ್ನೂ ಗುಂಪಿಗೆ ಹಾಕಿದೆ. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು. ವಾರಪೂರ್ತಿ ಏನೇನು ತಿನ್ನಬೇಕೆಂದು ನಾನೊಂದು ಚಾರ್ಟ್ ಬರೆದೆ. ಅದು ಶಾರ್ಜಾಕ್ಕೆ ಹೋಯಿತು, ಅಲ್ ಐನ್‌ಗೆ ಹೋಯಿತು. ಗುರುತಿಲ್ಲದ ಹೆಂಗಸರು ಫೋನ್ ಮಾಡಿ "ಮೇಡಂ" ಎಂದು ಕರೆದರು. ಹದಿನೆಂಟು ವರ್ಷದಿಂದ ನನ್ನನ್ನು ಯಾರೂ ಮೇಡಂ ಎಂದಿರಲಿಲ್ಲ.

ಜೂನ್ ಕೊನೆಗೆ ಅಬುಧಾಬಿಯಲ್ಲಿ ಕನ್ನಡದವರದೊಂದು ಕೂಟವಿತ್ತು. ಹೆಂಗಸರು ನನ್ನನ್ನು ಸುತ್ತುವರಿದರು. ನನ್ನ ಗಂಡ ಗೋಡೆಗೆ ಒರಗಿ ಕೂತು ನೀರು ಕುಡಿಯುತ್ತಿದ್ದರು, ಒಂದಾದ ಮೇಲೆ ಒಂದು ಬಾಟಲಿ. "ನೀರು ಕುಡಿಯೋದನ್ನೂ ನಾನ ಕಲಿಸೀನಿ," ಎಂದು ಅವರ ಕಡೆ ಬೊಟ್ಟು ಮಾಡಿ ತೋರಿಸಿದೆ. ವಾಪಸು ಬರುವಾಗ ಮೂರು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಶೌಚಕ್ಕೆ ಹೋದರು. ಕೊಬ್ಬು ಕರಗಿ ನೀರಾಗಿ ಹೋಗುತ್ತಿದೆ ಎಂದು ನಾನು ಸಮಾಧಾನ ಹೇಳಿದೆ. ಹಿಂದಿನ ಸೀಟಿನಲ್ಲಿದ್ದ ಹದಿಮೂರು ವರ್ಷದ ಮಗಳು ಫೋನಿನಿಂದ ತಲೆ ಎತ್ತಿ, "ಮಮ್ಮಾ, ಹೀ ಲುಕ್ಸ್ ಸಿಕ್," ಅಂದಳು. ಅಪ್ಪನ ಬಗ್ಗೆ ಹಾಗೆಲ್ಲ ಮಾತಾಡಬಾರದು ಎಂದು ಅವಳಿಗೆ ಬೈದೆ.

ನಾಲ್ಕನೇ ಮಹಡಿಯಲ್ಲಿ ಮಂಗಳೂರು ಕಡೆಯ ಬ್ಯಾರಿ ಕುಟುಂಬವೊಂದಿದೆ. ಗಂಡನಿಗೆ ಅತ್ತರಿನ ಅಂಗಡಿ. ಮಂಗಳವಾರ ಬೆಳಿಗ್ಗೆ ಕೊಳ ಹೆಂಗಸರಿಗೆ ಮಾತ್ರ. ಆಗ ಆ ಮನೆಯಾಕೆ ಮೀನಿನ ಹಾಗೆ ಈಜುತ್ತಾಳೆ, ನಾನು ಕಂಬಿ ಹಿಡಿದು ನೋಡುತ್ತೇನೆ. ನನಗೆ ನೀರಿನಲ್ಲಿ ಉಸಿರು ಬಿಡುವುದನ್ನು ಹೇಳಿಕೊಟ್ಟವಳೂ ಅವಳೇ. ಜುಲೈಯ ಒಂದು ಮಂಗಳವಾರ ಈಜಿ ಬಂದು ನನ್ನ ಪಕ್ಕ ನಿಂತಳು.

"ಎಂಥ ಅಕ್ಕ, ನಿಮ್ಮವರು ಇಷ್ಟು ಸಪೂರ ಆಗಿದ್ದಾರೆ? ನಿನ್ನೆ ಲಿಫ್ಟಿನಲ್ಲಿ ಗುರ್ತವೇ ಸಿಗಲಿಲ್ಲ ನನಗೆ."

"ಡಯಟ್ ಮಾಡಸ್ಲಿಕತ್ತೀನಲ್ಲ," ಎಂದೆ ಹೆಮ್ಮೆಯಿಂದ.

"ಡಯಟ್ ಎಲ್ಲ ಸರಿ. ಆದ್ರೆ ಕೆನ್ನೆ ಒಳಗೆ ಹೋಗಿದೆ, ತೋಳು ಕಡ್ಡಿ ಆಗಿದೆ. ಇದು ಒಳ್ಳೆ ಸಪೂರ ಅಲ್ಲ ಅಕ್ಕ. ಒಮ್ಮೆ ಬ್ಲಡ್ ತೋರಿಸಿ. ನನ್ನ ಅಪ್ಪ ಹೀಗೇ ಆಗಿದ್ದರು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಗಂಡನದು ನನ್ನ ಗಂಡನಿಗಿಂತ ದೊಡ್ಡ ಹೊಟ್ಟೆ, ಅದನ್ನು ಕರಗಿಸಲಾಗದೆ ಹೊಟ್ಟೆಕಿಚ್ಚು ಪಡುತ್ತಿದ್ದಾಳೆ ಎಂದುಕೊಂಡೆ. ಟವೆಲ್ ಸುತ್ತಿಕೊಂಡು ಮೇಲೆ ಬಂದೆ. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಸಂಜೆ ಅವರು ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡದ್ದನ್ನು ನೋಡಿ ದೃಷ್ಟಿಯೇ ತಾಗಿದೆ ಎಂದು ಖಾತ್ರಿ ಮಾಡಿಕೊಂಡೆ. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಅವರಿಗೆ ಮೂರು ಸಲ ನಿವಾಳಿಸಿ, ಕಬ್ಬಿಣದ ಹಂಚನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಹಾಕಿದೆ. ಬಾಗಲಕೋಟೆಯ ಅಂಗಳದಲ್ಲಿ ಮಾಡುವುದನ್ನು ಮಿರ್ದಿಫ್‌ನ ಮುಚ್ಚಿದ ಅಡುಗೆಮನೆಯಲ್ಲಿ ಮಾಡಿದರೆ ಏನಾಗಬೇಕೋ ಅದೇ ಆಯಿತು. ಚಾವಣಿಯ ಹೊಗೆ ಎಚ್ಚರಿಕೆಯ ಯಂತ್ರ ಕಿರುಚಿಕೊಂಡಿತು, ಆರೂ ಮಹಡಿಯ ಜನ ಮಕ್ಕಳು ಮರಿ ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಯ ಬಿಸಿಲಿನಲ್ಲಿ ಬಂದು ನಿಂತರು. ಒಗ್ಗರಣೆ ಹೊತ್ತಿತು ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ನಮ್ಮ ಕಡೆಯ ನಂಬಿಕೆಯ ಪ್ರಕಾರ ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ತಾಗಿಲ್ಲ ಎಂದರ್ಥ. ಅವತ್ತು ಇಡೀ ಕಟ್ಟಡ ಕೆಮ್ಮುತ್ತಿತ್ತು. ಆದರೂ ನಾಲ್ಕನೇ ಮಹಡಿಯವಳ ಜೊತೆ ನಾನು ಮಾತು ಬಿಟ್ಟೆ.

ಅದೇ ವಾರದ ಒಂದು ಸಂಜೆ ಕೊಳದಲ್ಲಿ ಅವರು ಎಂದಿನಂತೆ ಅಂಗಾತ ಮಲಗಿದರು. ಕಾಲು ನಿಧಾನಕ್ಕೆ ಕೆಳಗೆ ಹೋಯಿತು, ಆಮೇಲೆ ಸೊಂಟ. ನೀರು ಮೂಗಿಗೆ ಬಂದಾಗ ಕೆಮ್ಮುತ್ತ ಎದ್ದು ನಿಂತರು. ಮತ್ತೆ ಮಲಗಿದರು, ಮತ್ತೆ ಮುಳುಗಿದರು.

"ಯಾಕೋ ತೇಲಾಕ ಆಗವಲ್ದು ನೋಡು," ಅಂದರು. ದನಿಯಲ್ಲಿ ಹೆದರಿಕೆಯಿತ್ತು. ನಾನು ಅದನ್ನು ಕೇಳಿಸಿಕೊಂಡೆ, ಇಲ್ಲ ಎನ್ನಲಾರೆ.

"ಕೊಬ್ಬು ತೇಲಸ್ತಿತ್ತು ನಿಮ್ಮನ್ನ. ಅದು ಹೋತು, ನೀವು ಮುಳುಗಾಕತ್ತೀರಿ. ಛಲೋ ಆತಲ್ಲ!" ಎಂದು ಚಪ್ಪಾಳೆ ತಟ್ಟಿದೆ. ಕೊಬ್ಬು ನೀರಿಗಿಂತ ಹಗುರ, ಅದು ಕಡಿಮೆಯಾದರೆ ಮೈ ಮುಳುಗುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದು ಸುಳ್ಳಲ್ಲ. ಆದರೆ ಅಷ್ಟು ಬೇಗ ಅಷ್ಟೊಂದು ಎಲ್ಲಿಗೆ ಹೋಯಿತು ಎಂದು ಕೇಳಬೇಕಿತ್ತು. ತೇಲಲು ಬಾರದ ನಾನು ತೇಲುವುದರ ಬಗ್ಗೆ ಪಾಠ ಮಾಡುತ್ತಿದ್ದೆ.

ಆಗಸ್ಟ್ ಮೊದಲ ವಾರ ಅವರ ಬಾಯಿಂದ ಒಂದು ವಾಸನೆ ಬರತೊಡಗಿತು, ಕಳಿತು ಹೋದ ಹಣ್ಣಿನದು. ಮೊದಲು ಶುಕ್ರವಾರ ಗಮನಿಸಿದೆ. ಶನಿವಾರ ಇನ್ನೂ ಜೋರಾಗಿತ್ತು. ಅದು ಮಾವಿನ ಕಾಲ, ಪಾಕಿಸ್ತಾನದ ಮಾವು ಪೆಟ್ಟಿಗೆ ಪೆಟ್ಟಿಗೆ ಬಂದು ಬೀಳುವ ದಿನಗಳು. ನನ್ನ ಚಾರ್ಟ್‌ನಲ್ಲಿ ಮಾವು ಇರಲಿಲ್ಲ.

"ಎಲ್ಲಿ ತಿಂದ್ರಿ ಮಾವಿನಹಣ್ಣು?"

"ಎಲ್ಲಿ ಹಣ್ಣು? ಒಂದ್ ತುಂಡೂ ತಿಂದಿಲ್ಲ. ನಿನ್ನಾಣಿ."

"ಆಣಿ ಬ್ಯಾರೆ ಮಾಡ್ತೀರಿ! ಬಾಯಿ ನಾರ್ತದ ನಿಮ್ದು."

ಅವರ ಊಟದ ಚೀಲ ಕೊಡವಿ ನೋಡಿದೆ. ಕೆಳಗೆ ಹೋಗಿ ಕಾರಿನ ಸೀಟಿನ ಕೆಳಗೆ ಗೊರಟೆ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದಾಗ ಇನ್ನಷ್ಟು ಸಿಟ್ಟು ಬಂತು, ಜಾಣತನದಿಂದ ಬಿಸಾಡಿದ್ದಾರೆ ಎಂದು. ಅವರು ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಮೂರು ತಿಂಗಳ ನನ್ನ ಶ್ರಮಕ್ಕೆ ಮಣ್ಣು ಹಾಕಿದಿರಿ ಎಂದು ಕೂಗಾಡಿದೆ. ಶಿಕ್ಷೆಯೆಂಬಂತೆ ರಾತ್ರಿಯ ರೊಟ್ಟಿ ಒಂದಕ್ಕೆ ಇಳಿಸಿದೆ. ಇದನ್ನೂ ಬರೆಯಲೇಬೇಕು.

ಮರುದಿನ, ಭಾನುವಾರ ಸಂಜೆ, ತಿಂದ ಮಾವು ಕರಗಲಿ ಎಂದು ಹಟ ಹಿಡಿದು ಅವರನ್ನು ಕೊಳಕ್ಕೆ ಎಬ್ಬಿಸಿಕೊಂಡು ಹೋದೆ. ಅರ್ಧ ಸುತ್ತಿಗೇ ನಿಂತರು. ಉಸಿರು ಆಳಕ್ಕೆ, ಜೋರಾಗಿ, ಓಡಿ ಬಂದವರ ಹಾಗೆ ಎಳೆಯುತ್ತಿದ್ದರು. ಏಣಿಯ ಕಂಬಿ ಹಿಡಿದರು, ಮೇಲೆ ಹತ್ತಲಾಗಲಿಲ್ಲ. ನಾನು ಕೆಳಗಿನಿಂದ ನೂಕಿದೆ. ಹಿಂದೆ ಅಲ್ಲಾಡಿಸಲೂ ಆಗದ ಮೈ ಅದು, ಅವತ್ತು ನನ್ನ ಕೈಗೆ ಬರೀ ಮೂಳೆ ಸಿಕ್ಕಿತು. ಅಂಚಿನಲ್ಲಿ ಬಿದ್ದುಕೊಂಡು ವಾಂತಿ ಮಾಡಿದರು. ಮಾವಿರಲಿಲ್ಲ, ಬರೀ ನೀರು.

ನಾಲ್ಕನೇ ಮಹಡಿಯವಳು ತನ್ನ ಗಂಡನ ಜೊತೆ ಆಚೆಯ ಬೆಂಚಿನಲ್ಲಿ ಕೂತಿದ್ದಳು. ಓಡಿ ಬಂದು ಬಗ್ಗಿದಳು. ಮುಖಕ್ಕೆ ಮುಖ ತಂದು ಒಮ್ಮೆ ಉಸಿರು ಎಳೆದುಕೊಂಡಳು, ಅಷ್ಟೇ.

"ಇದು ಸಕ್ಕರೆ. ನನ್ನ ಅಪ್ಪನಿಗೆ ಇದೇ ವಾಸನೆ ಇತ್ತು," ಅಂದಳು. ಗಂಡನ ಕಡೆ ತಿರುಗಿ, "ಕಾರು ತೆಗೀರಿ, ಬೇಗ," ಅಂದಳು.

"ಯಲ್ಲಾ, ಯಲ್ಲಾ," ಎಂದು ಅವಸರಪಡಿಸುತ್ತ ಆ ದೊಡ್ಡ ಹೊಟ್ಟೆಯ ಮನುಷ್ಯ ನನ್ನ ಗಂಡನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಲಿಫ್ಟಿಗೆ ಓಡಿದರು. ನಾನು ಒದ್ದೆ ಬಟ್ಟೆಯಲ್ಲೇ ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ವೈದ್ಯೆ ನನ್ನನ್ನು ಒಂದೊಂದೇ ಪ್ರಶ್ನೆ ಕೇಳಿದರು. ನೀರು ಹೆಚ್ಚು ಕುಡಿಯುತ್ತಿದ್ದರೇ? ಹೌದು. ಮೂತ್ರಕ್ಕೆ ಪದೇ ಪದೇ ಹೋಗುತ್ತಿದ್ದರೇ? ಹೌದು. ತೂಕ? ಹದಿನಾಲ್ಕು ಕೆಜಿ. ಸುಸ್ತು? ಹೌದು. ಗುಂಪಿನಲ್ಲಿ ನಾನು ಕೊಚ್ಚಿಕೊಂಡಿದ್ದನ್ನೇ ಆಕೆ ರೋಗದ ಲಕ್ಷಣಗಳೆಂದು ಬರೆದುಕೊಳ್ಳುತ್ತಿದ್ದರು. ಮೈಯಲ್ಲಿ ಇನ್ಸುಲಿನ್ ತೀರ ಕಡಿಮೆಯಾಗಿದೆ, ತಿಂದದ್ದು ಮೈಗೆ ಸೇರದೆ ರಕ್ತದಲ್ಲೇ ಸಕ್ಕರೆಯಾಗಿ ನಿಂತಿದೆ, ಹಸಿದ ಮೈ ತನ್ನ ಕೊಬ್ಬನ್ನೂ ಮಾಂಸವನ್ನೂ ತಾನೇ ತಿಂದಿದೆ, ಕೊಬ್ಬು ಹಾಗೆ ಉರಿದು ರಕ್ತ ಹುಳಿಯಾಗಿದೆ, ಉಸಿರಿನಲ್ಲಿ ಬಂದದ್ದು ಅದರ ವಾಸನೆ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು. ಬೆಳಗಿನ ಜೇನಿನ ವಿಷಯ ಹೇಳಿದಾಗ ಆಕೆ ಬರೆಯುವುದನ್ನು ಒಂದು ಕ್ಷಣ ನಿಲ್ಲಿಸಿದರು. ಈಜೂ ತಪ್ಪಲ್ಲ, ರೊಟ್ಟಿಯೂ ತಪ್ಪಲ್ಲ, ರಕ್ತ ಮೊದಲು ನೋಡಬೇಕಿತ್ತು ಎಂದರು. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಆಕೆಯೇ ಹೇಳಿದರು.

ಮೂರು ದಿನ ತೀವ್ರ ನಿಗಾ ಘಟಕ. ಆ ಮೂರೂ ದಿನ ನಾಲ್ಕನೇ ಮಹಡಿಯಿಂದ ನನ್ನ ಮಗಳಿಗೆ ಊಟ ಹೋಯಿತು. ನಾಲ್ಕನೇ ದಿನ ಅವರನ್ನು ವಾರ್ಡಿಗೆ ತಂದರು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ನಾನು ಅತ್ತೆ. ತಪ್ಪಾಯ್ತು ಎಂದು ಬಾಯಿಬಿಟ್ಟು ಹೇಳಿದೆ, ಮಾವಿನ ಮಾತಿಗೆ, ರೊಟ್ಟಿಯ ಮಾತಿಗೆ, ಎಲ್ಲಕ್ಕೂ.

"ನಿಂದೇನೂ ತಪ್ಪಿಲ್ಲ ಬಿಡು. ನನಗ ಗೊತ್ತಿತ್ತು," ಅಂದರು.

"ಏನ್ ಗೊತ್ತಿತ್ತು?"

"ಒಳಗ ಏನೋ ಸರಿ ಇಲ್ಲಂತ. ಜೂನ್‌ದಾಗ ಗೊತ್ತಾಗಿತ್ತು. ಜೆಬೆಲ್ ಅಲಿಯಾಗ ಕಾರ್ ನಿಲ್ಲಿಸಿ ತಾಸುಗಟ್ಟಲೆ ಮಲಗತಿದ್ದೆ. ಕಣ್ಣು ಮಂಜಾಗತಿತ್ತು."

ನನಗೆ ಮೈಯೆಲ್ಲ ಉರಿಯಿತು. "ಮತ್ತ ಹೇಳಾಕ ಏನ್ ರೋಗ ಬಂದಿತ್ರಿ ನಿಮಗ?" ಎಂದು ಆ ಹಾಸಿಗೆಯ ಪಕ್ಕದಲ್ಲೇ ಕೂಗಿದೆ. ನರ್ಸ್ ತಿರುಗಿ ನೋಡಿದಳು.

ಅವರು ಕೈಗೆ ಚುಚ್ಚಿದ್ದ ನಳಿಕೆಯನ್ನು ಸರಿಸಿಕೊಂಡು ನನ್ನ ಕಡೆ ತಿರುಗಿದರು.

"ಆ ಹೆಣ್ಮಕ್ಕಳೆಲ್ಲ ನಿನಗ ಮೇಡಂ ಮೇಡಂ ಅಂತಿದ್ರು. ನೀ ಭಾಳ ಖುಷಿ ಇದ್ದಿ. ನಾ ನಿನ್ನ ಸಾಲಿ ಬಿಡಿಸಿ ಇಲ್ಲಿಗೆ ಕರಕೊಂಡ್ ಬಂದ ಮ್ಯಾಲೆ ಅಷ್ಟು ಖುಷಿ ಇದ್ದದ್ದು ನೋಡಿದ್ದಿಲ್ಲ. ಇನ್ನ ಎಲ್ಡು ಕೆಜಿ ಇಳೀಲಿ, ಆಮ್ಯಾಲೆ ಹೇಳಿದ್ರಾತು ಅನಕೊಂಡೆ."

ಹೊರಗಿನ ಕಾರಿಡಾರಿಗೆ ಬಂದು ಫೋನ್ ತೆಗೆದೆ. ನಾನು ಇಳಿಸಿದ್ದಲ್ಲ, ಅದು ಕಾಯಿಲೆ, ನನ್ನ ಚಾರ್ಟ್ ಹಿಡಿದವರೆಲ್ಲ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಗುಂಪಿಗೆ ಬರೆದೆ. ಕೈ ಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳ ನಡುವೆ ಒಬ್ಬಾಕೆ, ಮೇಡಂ, ಚಾರ್ಟ್ ಮುಂದುವರಿಸಬಹುದಾ ಎಂದು ಕೇಳಿದ್ದಳು. ಅವಳಿಗೆ ಉತ್ತರ ಬರೆಯದೆ ಗುಂಪಿನಿಂದ ಹೊರಗೆ ಬಂದೆ.

ಈಗ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಹಿಡಿಯಷ್ಟು ಅನ್ನವೂ ಉಂಟು, ರೊಟ್ಟಿಯೂ ಉಂಟು, ವೈದ್ಯೆಯನ್ನು ಕೇಳಿಯೇ ಮತ್ತೆ ಈಜಲು ಹೋಗುತ್ತಾರೆ. ಒಂಬತ್ತು ಕೆಜಿ ವಾಪಸು ಬಂದಿದೆ, ವೈದ್ಯೆ ಅಷ್ಟು ಸಾಕು ಎಂದಿದ್ದಾರೆ. ಸಂಜೆ ಬಾಗಿಲು ತೆಗೆದ ಕೂಡಲೇ ಅವರ ಹತ್ತಿರ ನಿಂತು, ಗೊತ್ತಾಗದಂತೆ ಅವರ ಉಸಿರನ್ನು ಮೂಸುತ್ತೇನೆ. ಅವರಿಗೆ ಗೊತ್ತಾಗುತ್ತದೆ. ಹೇಗಿದ್ದೀರಿ ಎಂದು ಬೆಳಿಗ್ಗೆ ಕೇಳುತ್ತೇನೆ, ಮಧ್ಯಾಹ್ನ ಫೋನಿನಲ್ಲಿ ಕೇಳುತ್ತೇನೆ, ಬಂದ ಮೇಲೂ ಕೇಳುತ್ತೇನೆ. ಪ್ರತಿ ಸಲವೂ ನನ್ನ ಮುಖ ನೋಡಿ, ನಕ್ಕು, "ಆರಾಮದೀನಿ," ಎನ್ನುತ್ತಾರೆ. ಇಷ್ಟು ಒಳ್ಳೆಯ ಮನುಷ್ಯನ ಆ ಒಂದು ಮಾತನ್ನು ನಂಬಲು ನನ್ನಿಂದ ಆಗುತ್ತಿಲ್ಲ.